ಏಳರಿಂದ ಹತ್ತಕ್ಕೆ ಹಾರುತ್ತಿದ್ದವನು

ಕೀಳ್ ಕೋತಗಿರಿ
೮ ಜನವರಿ ೨೦೨೫, ಬುಧವಾರ

ಪ್ರೀತಿಯ ಲಿಂಗಮ್ಮನಿಗೆ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ನೀನು ನಗುತ್ತೀಯ. ಅದಕ್ಕೇ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ. ಫೋನ್ ಮಾಡಿದರೆ ಎತ್ತುವವನು ನಿನ್ನ ತಮ್ಮ ಜಗದೀಶ್. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಅಂತಾನೆ. ಐದು ತಿಂಗಳಿಂದ ಗೂಡಲೂರಿನಲ್ಲಿ ಅದೆಂಥ ಸ್ನಾನವೋ! ಕಾಗದವನ್ನಾದರೂ ಓದುತ್ತೀಯ ಅಂತ ಬರೆಯಲು ಕೂತಿದ್ದೇನೆ.

ಮಣಿಕಟ್ಟು ಹೇಗಿದೆ? ಮಳೆಯಲ್ಲಿ ಟೀ ಎಲೆಯ ಮೂಟೆಯೊಂದಿಗೆ ಮೆಟ್ಟಿಲಲ್ಲಿ ಬಿದ್ದು, ಕೈಗೆ ಕಟ್ಟು ಹಾಕಿಸಿಕೊಂಡು ತವರಿಗೆ ಹೊರಟವಳು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ: "ಮೂವತ್ನಾಕು ವರ್ಷ ಹೊತ್ತಿದೀನಿ. ಇನ್ನು ನೀವೇ ಹೊರ್ರಿ."

ಅದೇನು ಮಹಾ ಎಂದುಕೊಂಡೆ. ಮುಂದಿನ ವಾರ ಬರೀ ಹದಿನೈದು ಕಿಲೋ ಎಲೆ ಕಟ್ಟಿ ತೋಟದಿಂದ ರಸ್ತೆಗೆ ಹೊರಟೆ. ನಲವತ್ತನೆಯ ಮೆಟ್ಟಿಲಿಗೆ ಕೂತುಬಿಟ್ಟೆ. ಪಕ್ಕದ ತೋಟದ ಕಾಳಿಯಮ್ಮ, ನನಗಿಂತ ಐದು ವರ್ಷ ದೊಡ್ಡವಳು, ತಲೆ ಮೇಲೆ ಮೂಟೆ ಹೊತ್ತು ನನ್ನನ್ನು ದಾಟಿ ಹೋಗುತ್ತಾ, "ಏನ್ ರಾಚಯ್ಯ, ಬೀಡಿ ಸೇದಕ್ಕೆ ಕೂತ್ರಾ?" ಎಂದು ಕೇಳಿದಳು. ನಾನು ಬೀಡಿ ಸೇದುವವನಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.

ಆಗ ನೆನಪಾದದ್ದು ಎಲೆ ತೂಗುವ ರಂಗನಾಥನ ಮಗಳು ಜೀವಿತಾ. ಕೊಯಮತ್ತೂರಿನಲ್ಲಿ ಓದಿ ಬಂದು ಕೋತಗಿರಿಯಲ್ಲಿ ಐದು ಯಂತ್ರ ಇಟ್ಟುಕೊಂಡು ಒಬ್ಬೊಬ್ಬರಿಗೇ ವ್ಯಾಯಾಮ ಹೇಳಿಕೊಡುತ್ತಾಳಲ್ಲ, ಅವಳೇ. ಮೂಟೆಯ ವಿಷಯ ಮುಚ್ಚಿಟ್ಟು, ಹೇಗೂ ಇರುವ ಸಕ್ಕರೆ ಕಾಯಿಲೆಗೆ ಬಂದೆ ಎಂದು ಸುಳ್ಳು ಹೇಳಿದೆ. ನೆಲದ ಮೇಲೆ ಕೂತು ಏಳಿ ಮಾಮಾ ಎಂದಳು. ಎರಡು ಕೈ ಊರಿ, ಕಿಟಕಿ ಕಂಬಿ ಹಿಡಿದು, ಅಯ್ಯೋ ಶಿವನೇ ಅಂತ ಎದ್ದೆ. ಅವಳು ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಅವಳ ಪದ್ಧತಿ ವಿಚಿತ್ರ. ವಾರಕ್ಕೆ ಒಂದೇ ದಿನ, ಇಪ್ಪತ್ತೇ ನಿಮಿಷ. ಇಷ್ಟಕ್ಕೆ ವ್ಯಾಯಾಮ ಅಂತ ಬೇರೆ ಹೆಸರಾ ಎಂದು ಮೂಗು ಮುರಿದೆ. ಭಾರವನ್ನು ಕಾಲಿನಿಂದ ತಳ್ಳಲು ಹತ್ತು ಎಣಿಸಬೇಕು, ವಾಪಸು ತರಲು ಮತ್ತೆ ಹತ್ತು. ನಡುವೆ ನಿಲ್ಲುವಂತಿಲ್ಲ, ಉಸಿರು ಕಟ್ಟುವಂತಿಲ್ಲ. ಇನ್ನು ಒಂದು ಅಂಗುಲವೂ ಆಗದು ಅಂತ ತೊಡೆ ನಡುಗುವವರೆಗೆ ಬಿಡುವುದಿಲ್ಲ ಹುಡುಗಿ. ನಾಲ್ಕನೇ ಸಲಕ್ಕೇ ನನ್ನ ಅಂಗಿ ಬೆವರಲ್ಲಿ ನೆನೆದಿತ್ತು, ಆ ಚಳಿಯಲ್ಲಿ!

ಬೀಸಿ ಎತ್ತಿದರೆ ಬೀಸೇ ಕೆಲಸ ಮಾಡುತ್ತದೆ, ಕೀಲಿಗೆ ಏಟು ಬೀಳುತ್ತದೆ, ಮೆಲ್ಲ ಎತ್ತಿದರೆ ಮಾಂಸಖಂಡಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ ಎನ್ನುತ್ತಾಳೆ. ದಾರಿ ನಾನು ಕಂಡುಹಿಡಿದೆ. ಎಣಿಕೆ ನನ್ನದಾಗಿದ್ದಾಗ ಏಳರಿಂದ ನೇರ ಹತ್ತಕ್ಕೆ ಹಾರುತ್ತಿದ್ದೆ. ಎರಡನೇ ವಾರವೇ ಸಿಕ್ಕಿಬಿದ್ದೆ. "ಮಾಮಾ, ಎಂಟು ಒಂಬತ್ತರಲ್ಲೇ ಇರೋದು ಎಲ್ಲಾ" ಎಂದು ಎಣಿಕೆಯನ್ನು ತಾನೇ ಇಟ್ಟುಕೊಂಡಳು. ಒಬ್ಬನೇ ಮಾಡಿದ್ದರೆ ಮೊದಲ ತಿಂಗಳಲ್ಲೇ ಕೈಬಿಡುತ್ತಿದ್ದೆ ಲಿಂಗಮ್ಮ. ಪಕ್ಕದಲ್ಲಿ ನಿಂತು ನೋಡುವವರು ಬೇಕು ನನ್ನಂಥವನಿಗೆ.

ಹದಿನೇಳು ಶುಕ್ರವಾರ ಆಯಿತು. ಒಂದನ್ನೂ ತಪ್ಪಿಸಿಲ್ಲ. ಈಗ ಕೈ ಊರದೆ ನೆಲದಿಂದ ಏಳುತ್ತೇನೆ. ಮೆಟ್ಟಿಲಿಳಿಯುವಾಗ ಮಂಡಿ ಕಟಕಟ ಅನ್ನುವುದಿಲ್ಲ. ಸುಳ್ಳು ಹೇಳಿ ಹೋಗಿದ್ದೆನಲ್ಲ, ಆ ಸಕ್ಕರೆಯೂ ನಿಜವಾಗಿ ಇಳಿದಿದೆ, ಡಾಕ್ಟರು ಎರಡು ಸಲ ನೋಡಿದರು.

ನಿನ್ನೆ ಲಾರಿಗೆ ಎಲೆ ಕೊಡುವ ದಿನ. ಮೂಟೆ ಹೊತ್ತು ಎಂಬತ್ತಾರು ಮೆಟ್ಟಿಲನ್ನೂ ನಿಲ್ಲದೆ ಹತ್ತಿದೆ. ಈಗ ಎಲೆ ಕಡಿಮೆ, ಇಪ್ಪತ್ತೆರಡು ಕಿಲೋ ಅಷ್ಟೇ. ನೀನು ಬಿದ್ದ ದಿನ ಹೊತ್ತದ್ದು ಮೂವತ್ತು. ತೂಗುವ ಶೆಡ್ಡಿನಲ್ಲಿ ರಂಗನಾಥ, ಕಾಳಿಯಮ್ಮ, ಲಾರಿಯ ಸರವಣನ್ ಎಲ್ಲರೂ ಇದ್ದರು. ಮೂಟೆಯನ್ನು ದೊಪ್ಪನೆ ಹಾಕದೆ ಹತ್ತು ಎಣಿಸಿ ಇಳಿಸಿದೆ. ಸರವಣನ್ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆ ನನಗೆ ಹಿಡಿಸಲಿಲ್ಲ.

ಅಲ್ಲೇ ಹೇಳಿಬಿಟ್ಟೆ. ಲಿಂಗಮ್ಮ ಸವೆದ ಚಪ್ಪಲಿಯಿಂದ ಜಾರಿದಳು ಅಂತ ನಾನು ಊರಿಗೆಲ್ಲ ಹೇಳಿದ್ದು ಸುಳ್ಳು. ಲಾರಿ ಹಾರನ್ ಹೊಡೆಯುತ್ತಿತ್ತು, ನಾನು ಕೊಡೆ ಹಿಡಿದು ಮುಂದೆ ಹೋಗುತ್ತಿದ್ದೆ, ಒಂದು ತುದಿ ಹಿಡೀರಿ ಅಂತ ಅವಳು ಎರಡು ಸಲ ಕೂಗಿದಳು. ಎರಡೂ ಸಲ ನನಗೆ ಕೇಳಿಸಿತ್ತು. ತಿರುಗಲಿಲ್ಲ. ಕಾಳಿಯಮ್ಮ ತನ್ನ ಮೂಟೆಯನ್ನು ತಕ್ಕಡಿಗೆ ಹಾಕುತ್ತಾ, "ನಂಗೆ ಅವತ್ತೇ ಗೊತ್ತಿತ್ತು" ಎಂದಳು.

ಕ್ಷಮಿಸು ಎಂದು ಕೇಳುತ್ತೇನೆ. ಆಸ್ಪತ್ರೆಯಲ್ಲಿ ನನ್ನ ಸುಳ್ಳು ಕೇಳಿಯೂ ನೀನು ಸುಮ್ಮನಿದ್ದೆ. ನೀನು ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಕ್ರಾಂತಿ ಅಲ್ಲೇ ಮುಗಿಸಿಕೊಂಡು ೧೯ನೇ ತಾರೀಕು ಭಾನುವಾರ ಬಾ. ಕೋತಗಿರಿ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆಯಿಂದ ಕಾದಿರುತ್ತೇನೆ. ನಿನ್ನ ಟ್ರಂಕು ನಾನು ಹೊರುತ್ತೇನೆ, ನೀನು ಕೊಡೆ ಹಿಡಿದು ಮುಂದೆ ನಡೆ. ಬರದಿದ್ದರೆ ಅದು ನಿನ್ನಿಷ್ಟ, ನನ್ನ ಶುಕ್ರವಾರ ನಿಲ್ಲುವುದಿಲ್ಲ, ಈ ತೋಟದ ಮೂಟೆಯೂ ಇನ್ನು ನನ್ನದೇ.

ನಿನ್ನ ದಾರಿ ನೋಡುತ್ತಿರುವ,
ರಾಚಯ್ಯ

ತಾ.ಕ.: ಓದಿ ನೋಡಿದೆ. ಇಲ್ಲೂ ಏಳರಿಂದ ಹತ್ತಕ್ಕೆ ಹಾರಿದ್ದೇನೆ. ಭಾರ ಹೊತ್ತಾಗ ನೀನು ಯಾವತ್ತೂ ಬರಿಗಾಲಲ್ಲೇ ನಡೆಯುವವಳು. ಆ ದಿನವೂ ನಿನ್ನ ಚಪ್ಪಲಿ ಮನೆ ಬಾಗಿಲಲ್ಲೇ ಇತ್ತು. ಯಾರಾದರೂ ನೋಡಿದರೆ ನನ್ನ ಸುಳ್ಳು ಬಯಲಾಗುತ್ತದೆ ಅಂತ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ನೀನು ತವರಿಗೆ ಹೊರಟಾಗ ಚಪ್ಪಲಿ ಎಲ್ಲಿ ಅಂತ ಹುಡುಕಿದೆ, ನಾನೂ ಜೊತೆಗೆ ಹುಡುಕಿದೆ. ಶೆಡ್ಡಿನಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ. ಚಪ್ಪಲಿ ಈಗ ಬಾಗಿಲಲ್ಲಿದೆ. ಸವೆದೇ ಇಲ್ಲ.