ಗಾಳಿ ಉದುರಿಸಿದ್ದು ನಮ್ಮದು

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ, ನಾನು ನೋಡಿದರೆ ಕಾಗದ ಬರೆಯಲು ಕೂತಿದ್ದೇನೆ. "ಇದ್ದಾಗ ಒಂದು ಗೆರೆ ಬರೀಲಿಲ್ಲ, ಈಗ ಬರಿಯಾಕೆ ಕುಂತವಳೆ ನೋಡು" ಅಂತ ನಗುತ್ತೀಯ. ನಗು. ಅಲ್ಲಿ ಓದಿ ಹೇಳುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಕೊಳ್ಳೇಗಾಲದ ಬಸ್ಸಿನ ಬೋರ್ಡನ್ನು ಪಕ್ಕದವರ ಕೈಲಿ ಓದಿಸಿಕೊಂಡೇ ಊರೆಲ್ಲ ತಿರುಗಿದವಳಲ್ಲವೇ ನೀನು? ನೀನು ಹೋದ ಮರುವರ್ಷವೇ ನನಗೆ ಬಡ್ತಿ ಸಿಕ್ಕಿತು. ಎಲ್ಲಿಗೆ ಹಾಕಿದರು ಗೊತ್ತಾ? ನಮ್ಮೂರಿನ ಹೈಸ್ಕೂಲಿಗೇ. ನಾನು ಓದಿದ ಸ್ಕೂಲಿಗೆ ಈಗ ನಾನೇ ಹೆಡ್ ಮೇಡಂ. ಹೋದ ವಾರ ಅಲ್ಲಿ ಒಂದು ಸಂಗತಿ ನಡೆಯಿತು. ನೀನು ಕಲಿಸಿದ ಒಂದು ಇಂಗ್ಲಿಷ್ ಪದ ನನ್ನ ಮಾನ ಉಳಿಸಿತು. ಹೌದು, ಇಂಗ್ಲಿಷ್. ನೀನೇ ಕಲಿಸಿದ್ದು.

ಶಿವರಾತ್ರಿ ಕಳೆದು ಬೆಟ್ಟದ ಕಡೆಯಿಂದ ಗಾಳಿ ಎದ್ದರೆ ನಿನ್ನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಮಂಕರಿ ತಗೊಂಡು, ಪಕ್ಕದ ಮನೆಯ ರಾಜಮ್ಮತ್ತೆಯನ್ನು ಕೂಗಿ, ಸ್ಕೂಲಿನ ಎರಡು ಹುಣಸೆಮರದ ಬುಡಕ್ಕೆ ಹೋಗುತ್ತಿದ್ದೆ. ಮರವನ್ನು ವರ್ಷವರ್ಷ ಹರಾಜು ಹಾಕುತ್ತಿದ್ದರು. ಮರದ ಮೇಲಿದ್ದದ್ದು ಗುತ್ತಿಗೆಯವನದು. ಅವನು ಆಳು ತಂದು ಕೋಲಿನಲ್ಲಿ ಮರ ಬಡಿಸುವ ಮೊದಲು ಗಾಳಿಗೆ ಉದುರಿದ್ದು ಆಯ್ದುಕೊಂಡವರದು. ಇದನ್ನು ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ನಮ್ಮೂರಲ್ಲಿ ಹಾಗೆ ನಡೆದುಕೊಂಡು ಬಂದಿತ್ತು, ಅಷ್ಟೇ. ಬೆಲ್ಲು ಹೊಡೆಯುವ ಹೊತ್ತಿಗೆ ನೀವಿಬ್ಬರೂ ಸೊಂಟ ಹಿಡಿದುಕೊಂಡು ಎದ್ದು ಹೋಗಿರುತ್ತಿದ್ದಿರಿ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮೂರು ದಿನ ಗಾಳಿಯೇ ಬೀಸಲಿಲ್ಲ, ನೆನಪಿದೆಯಾ? ಮಂಕರಿ ಖಾಲಿ ಬಂತು. ನಿನ್ನ ಮುಖ ನೋಡಲಾಗದೆ ನಾಲ್ಕನೇ ದಿನ ನಾನು ನಿನಗಿಂತ ಮುಂಚೆ ಹೋಗಿ, ಕೆಳಗಿನ ಕೊಂಬೆ ಹತ್ತಿ ಕುಲುಕಿದೆ. ದಬದಬ ಉದುರಿತು. ನೀನು ಬಂದಾಗ ಲಂಗದ ತುಂಬ ಹಣ್ಣು ತುಂಬಿಕೊಂಡು ನಿಂತಿದ್ದೆ, ಮೆಚ್ಚುತ್ತೀಯ ಅಂತ. ನೀನು ಒಂದೇ ಒಂದು ಹಣ್ಣು ಎತ್ತಿ ತೊಟ್ಟು ನೋಡಿದೆ. ತೊಟ್ಟಿಗೆ ಹಸಿರು ಎಲೆ ಅಂಟಿಕೊಂಡಿತ್ತು.

"ಇದು ಗಾಳಿದಲ್ಲ ಕಣವ್ವಾ. ಗಾಳಿಗೆ ಬಿದ್ದುದ್ದು ಎಲೆ ತಕಂಡು ಬರಾಕಿಲ್ಲ."

"ಯಾರು ನೋಡ್ತಾರವ್ವ?" ಅಂದೆ.

"ನೋಡೋರು ಯಾಕೆ ಬೇಕು? ತೊಟ್ಟೇ ಏಳ್ತದೆ. ಗಾಳಿ ಉದ್ರಿಸಿದ್ದು ನಮ್ದು, ನೀ ಉದ್ರಿಸಿದ್ದು ಅವರ್ದು. ಓಗು, ಬುಡದಲ್ಲಿ ಮಡುಗು."

ಒಂದೂ ಬಿಡದೆ ಮರದ ಬುಡದಲ್ಲಿ ಗುಡ್ಡೆ ಹಾಕಿಸಿದೆ. ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಹಣ್ಣನ್ನಾದರೂ ಚೀಪಲು ಬಿಡಬಾರದಿತ್ತಾ ಅಂತ ಎಷ್ಟು ದಿನ ನಿನ್ನ ಮೇಲೆ ಮುನಿಸಿಕೊಂಡಿದ್ದೆ ನಾನು!

ಆ ವರ್ಷವೇ ಅಲ್ಲವೇ ನೀನು ಡಿಕ್ಷನರಿ ತಂದದ್ದು? ಆಯ್ದ ಹುಣಸೆಹಣ್ಣನ್ನು ಕುಟ್ಟಿ, ಬೀಜ ತೆಗೆದು, ಕೊಳ್ಳೇಗಾಲದಲ್ಲಿ ಮಾರಿ, ಬಸ್ ಸ್ಟ್ಯಾಂಡಿನ ಹತ್ತಿರ ನೆಲದ ಮೇಲೆ ಹಳೇ ಪುಸ್ತಕ ಹರಡಿಕೊಂಡಿದ್ದವನನ್ನು "ಇಂಗ್ಲೀಸ್‌ಗೆ ಅರ್ಥ ಏಳೋ ಬುಕ್ಕು ಕೊಡಪ್ಪ" ಅಂತ ಕೇಳಿ ತಂದೆ. ಬಿಚ್ಚಿ ನೋಡಿದರೆ ಅರ್ಥವೆಲ್ಲ ತಮಿಳಿನಲ್ಲಿ! ನನಗೆ ಅಳುವೇ ಬಂತು. ನೀನು ಮಾತ್ರ ಜಗ್ಗಲಿಲ್ಲ. "ಗುಂಡುಗುಂಡಗೆ ಐತಲ್ಲ, ಅಕ್ಸರ ಅಂದ್ಮೇಲೆ ಅಕ್ಸರಾನೇ" ಅಂದೆ. ಆಮೇಲೆ ರಾಜಮ್ಮತ್ತೆಯನ್ನು ಕರೆತಂದು ನನ್ನ ಪಕ್ಕ ಕೂರಿಸಿದೆ. ಮೆಟ್ಟೂರು ಕಡೆಯಿಂದ ಮದುವೆಯಾಗಿ ಬಂದ ಅವಳು ತಮಿಳು ಓದುತ್ತಿದ್ದಳು. ಗಡಿಯ ಮಾರ್ಟಳ್ಳಿ ಸೀಮೆಯ ನಮಗೆ ತಮಿಳು ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅವಳು ಓದುವುದು, ನಾನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳುವುದು. ಹೀಗೂ ಇಂಗ್ಲಿಷ್ ಕಲಿತವರು ಈ ತಾಲ್ಲೂಕಿನಲ್ಲಿ ಇನ್ಯಾರಾದರೂ ಇದ್ದಾರೋ ಇಲ್ಲವೋ...

ಒಂದು ಸಂಜೆ ಪಾಠದಲ್ಲಿ 'ವಿಂಡ್‌ಫಾಲ್' ಅನ್ನುವ ಪದ ಬಂತು. ರಾಜಮ್ಮತ್ತೆ ಬೆರಳಿಟ್ಟು ಓದಿದಳು: "ಕಾಟ್ರಿಲ್ ಉದಿರ್ಂದ ಪಳಂ." ಗಾಳಿಯಲ್ಲಿ ಉದುರಿದ ಹಣ್ಣು. ಓದಿದವಳೇ ಬಾಗಿಲಿಗೆ ಮುಖ ಮಾಡಿ ಕೂಗಿದಳು, "ಅಕ್ಕಾ, ಇದು ನಮ್ಮ ವೇಲೆ ದಾನೇ!" ನಮ್ಮ ಕೆಲಸಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿದೆ ಅಂತ ನೀವಿಬ್ಬರೂ ಎಷ್ಟು ನಕ್ಕಿರಿ! ಅದರ ಕೆಳಗೆ ಎರಡನೇ ಅರ್ಥವೂ ಇತ್ತು, ಎದುರು ನೋಡದೆ ಬಂದ ಲಾಭ ಅಂತ. ಅದನ್ನು ನೀವು ಕೇಳಿಸಿಕೊಳ್ಳಲೇ ಇಲ್ಲ.

ಈಗ ನಾನು ಆ ಪದವನ್ನು ಮಕ್ಕಳಿಗೆ ಹೇಳಿಕೊಡುವಾಗ ಮೊದಲು ಮರದ ಕೆಳಗೆ ಕರೆದುಕೊಂಡು ಹೋಗುತ್ತೇನೆ. ವಿಂಡ್ ಅಂದರೆ ಗಾಳಿ, ಫಾಲ್ ಅಂದರೆ ಬೀಳುವುದು. ಇಂಗ್ಲಿಷರ ದೇಶದಲ್ಲಿ ಹಿಂದೆ ತೋಪೆಲ್ಲ ದೊಡ್ಡ ಜಮೀನ್ದಾರರದಂತೆ. ಬಡವರು ಮರಕ್ಕೆ ಕೊಡಲಿ ಹಾಕುವಂತಿಲ್ಲ, ಗಾಳಿ ಕೆಡವಿದ ಕೊಂಬೆ, ಹಣ್ಣು ಮಾತ್ರ ಆಯ್ದುಕೊಳ್ಳಬಹುದಿತ್ತು ಅಂತ ನಮ್ಮ ಬಿ.ಎಡ್. ಮೇಷ್ಟ್ರು ಹೇಳಿದ್ದರು. ಆಮೇಲೆ ಪದ ಮರ ಬಿಟ್ಟು ಪೇಟೆಗೆ ಹೋಯಿತು. ಯಾರೋ ಸತ್ತು ಆಸ್ತಿ ಬಂದರೂ ವಿಂಡ್‌ಫಾಲ್, ಲಾಟರಿ ಹೊಡೆದರೂ ವಿಂಡ್‌ಫಾಲ್. ಎಣ್ಣೆ ಕಂಪನಿಗೆ ದಿಢೀರ್ ಲಾಭ ಬಂದರೆ ಸರ್ಕಾರ ಅದರ ಮೇಲೆ ವಿಂಡ್‌ಫಾಲ್ ಟ್ಯಾಕ್ಸ್ ಹಾಕುತ್ತದೆ. ನೀನು ಇದ್ದಿದ್ದರೆ ಗಾಳಿಗೂ ಟ್ಯಾಕ್ಸಾ ಅಂತ ಕೇಳುತ್ತಿದ್ದೆ. ಪುಸ್ತಕಗಳು ಇದನ್ನು ಶ್ರಮವಿಲ್ಲದೆ ಬಂದ ಲಾಭ ಅನ್ನುತ್ತವೆ. ಇಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಬರೆದವರು ನಿನ್ನ ಸೊಂಟವನ್ನು ಒಂದು ಮಾತು ಕೇಳಬೇಕಿತ್ತು.

ಹೋದ ವಾರದ ಸಂಗತಿಗೆ ಬರುತ್ತೇನೆ. ಮರದ ಗುತ್ತಿಗೆಗೆ ಹನೂರಿನಿಂದ ಸಿದ್ದಪ್ಪ ಅನ್ನುವವನು ಬಂದಿದ್ದ. ಬಡಿಸುವವರೆಗೆ ಸ್ಕೂಲಿನ ಗೇಟಿಗೆ ಬೆಳಿಗ್ಗೆ ಬೀಗ ಹಾಕಿಸಿದರೆ, ಆಯಲು ಬರುವ ಹೆಂಗಸರನ್ನು ಒಳಗೆ ಬಿಡದಿದ್ದರೆ, ಎಲ್ಲರಿಗಿಂತ ಬಹಳ ಹೆಚ್ಚಿಗೆ ಕೂಗುತ್ತೇನೆ ಅಂದ. ನಮಗೆ ಲೈಬ್ರರಿಗೆ ಒಂದು ಬೀರು ಬೇಕಾಗಿತ್ತು, ಪುಸ್ತಕಗಳನ್ನು ಗೆದ್ದಲು ತಿನ್ನುತ್ತಿವೆ. ಕಮಿಟಿಯವರೆಲ್ಲ ಖುಷಿಯಾದರು. ಸುಳ್ಳು ಯಾಕೆ ಹೇಳಲಿ, ನಾನೂ ಖುಷಿಯಾದೆ. ಪೆನ್ನು ತೆಗೆದೆ. ಆಗ ನಮ್ಮ ಹೊಸ ಗಣಿತದ ಮೇಷ್ಟ್ರು ಕೈ ಉಜ್ಜಿಕೊಂಡು, "ವಿಂಡ್‌ಫಾಲ್ ಅಂದ್ರೆ ಇದೇ ಅಲ್ವಾ ಮೇಡಂ?" ಅಂದರು.

ಪೆನ್ನು ಅಲ್ಲೇ ನಿಂತಿತು ಅವ್ವಾ. ನಿನ್ನ ಮಂಕರಿ ಕಣ್ಣ ಮುಂದೆ ಬಂತು. ಯಾರು ಆಯ್ದ ಹಣ್ಣಿನಿಂದ ಓದಿದವಳು, ಯಾರಿಗೆ ಬೀಗ ಹಾಕಲು ಹೊರಟಿದ್ದೆ ನಾನು? ರಾಜಮ್ಮತ್ತೆ ಇವತ್ತಿಗೂ ಬರುತ್ತಾಳೆ, ಈಗ ಕೋಲೂರಿಕೊಂಡು. ಅವಳ ಜೊತೆ ಇನ್ನೂ ಮೂರು ಮಂದಿ. ಸಹಿ ಹಾಕುವುದಿಲ್ಲ, ಉದುರಿದ್ದು ಅವರದೇ ಅಂದೆ.

ಸಿದ್ದಪ್ಪ ಕೆಟ್ಟವನಲ್ಲ. "ಉದುರ್ತೋ ಉದ್ರಿಸಿದ್ರೋ ಯಾರ್ಗೊತ್ತು ಮೇಡಮ್ಮಾರೆ? ನಂಗೂ ಒಟ್ಟೆ ಐತೆ" ಅಂದ. ಅವನ ಮಾತೂ ನ್ಯಾಯವೇ. ಆಗ ನಾನು ಎಂಟನೇ ಕ್ಲಾಸಿನ ಆ ಬೆಳಿಗ್ಗೆಯನ್ನು ಎಲ್ಲರ ಮುಂದೆ ಹೇಳಿದೆ. ಕೊಂಬೆ ಕುಲುಕಿದ್ದನ್ನೂ ಹೇಳಿದೆ, ನೀನು ತೊಟ್ಟು ನೋಡಿದ್ದನ್ನೂ ಹೇಳಿದೆ. ಸಿದ್ದಪ್ಪ ನಕ್ಕುಬಿಟ್ಟ. "ತೊಟ್ಟಿನ ವಿಷ್ಯ ನಂಗೂ ಗೊತ್ತು. ಇಲ್ಲಿ ಯಾರ್ಗೂ ಗೊತ್ತಿರಾಕಿಲ್ಲ ಅನ್ಕಂಡಿದ್ದೆ" ಅಂದ. ಹಳೇ ರೇಟಿಗೇ ಮರ ಹಿಡಿದ. ಬೀರು ಈ ವರ್ಷ ಬರುವುದಿಲ್ಲ. ಅದಕ್ಕೆ ನನಗೆ ಬೇಜಾರಿದೆ, ಇಲ್ಲ ಅನ್ನುವುದಿಲ್ಲ.

ಆದರೆ ಹರಾಜಿನ ಕಾಗದದಲ್ಲಿ ಈಗ ಹೊಸದೊಂದು ಷರತ್ತು ಸೇರಿದೆ: "ಗಾಳಿಗೆ ಉದುರಿದ ಹಣ್ಣು ಆಯ್ದವರದು. ತೊಟ್ಟಿನಲ್ಲಿ ಹಸಿ ಎಲೆ ಇರುವುದು ಗುತ್ತಿಗೆದಾರರದು." ಹೆಬ್ಬೆಟ್ಟು ಒತ್ತುತ್ತಿದ್ದ ನಿನ್ನ ಮಾತು ಅದು. ಅದರ ಕೆಳಗೆ ಸ್ಕೂಲಿನ ಸೀಲು ಬಿದ್ದಿದೆ, ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದೇನೆ. ಆವತ್ತು ನನ್ನ ಕೈಲಿ ಹಣ್ಣು ವಾಪಸ್ ಇಡಿಸಿದೆಯಲ್ಲ, ಅದಕ್ಕೆ ನಿನಗೆ ಕೈ ಮುಗಿಯುತ್ತೇನೆ. ಇಡಿಸದಿದ್ದರೆ ಹೋದ ವಾರ ನಾನು ಸಹಿ ಹಾಕಿಬಿಟ್ಟಿರುತ್ತಿದ್ದೆ.

ನಿನ್ನೆಯಿಂದ ಗಾಳಿ ಎದ್ದಿದೆ. ಇವತ್ತು ಬೆಳಿಗ್ಗೆ ನಾನೂ ಬೇಗ ಹೋದೆ. ರಾಜಮ್ಮತ್ತೆ ಆಯುತ್ತಿದ್ದಳು, ನನ್ನನ್ನು ಕಂಡು "ಬಾಮ್ಮಾ ಟೀಚರಮ್ಮಾ" ಅಂತ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಕಾಲ ಬಳಿ ಬಿದ್ದಿದ್ದ ಒಂದು ಹಣ್ಣು ಎತ್ತಿಕೊಂಡೆ. ತೊಟ್ಟು ನೋಡಿದೆ ಅವ್ವಾ. ಎಲೆ ಇರಲಿಲ್ಲ. ಅಲ್ಲೇ ನಿಂತು ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡೆ.