ತೊಟ್ಟಿ ಈಗ ಸ್ವಚ್ಛವಾಗಿದೆ

ಜಲಶುದ್ಧೀಕರಣ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೋದ ತಿಂಗಳ ಎರಡನೆಯ ಮಂಗಳವಾರ, ತಮ್ಮ ಲಿಖಿತ ಆದೇಶದ ಮೇರೆಗೆ, ಅಂಟು ಕಾರ್ಖಾನೆಯ ಹಿಂದಿರುವ ನಮ್ಮ ಶುದ್ಧೀಕರಣ ತೊಟ್ಟಿಗೆ ಆರು ಮೂಟೆ ಬ್ಲೀಚಿಂಗ್ ಪೌಡರ್ ಸುರಿದು, ಒಳಗಿದ್ದ ಕಲ್ಲುಗಳನ್ನೆಲ್ಲ ಉಜ್ಜಿ ತೊಳೆಯಲಾಯಿತು. ತೊಟ್ಟಿ ಈಗ ಸ್ವಚ್ಛವಾಗಿದೆ. ಹತ್ತೊಂಬತ್ತು ವರ್ಷ ರಜೆಯಿಲ್ಲದೆ ಅದರೊಳಗೆ ದುಡಿಯುತ್ತಿದ್ದವರೆಲ್ಲ ಸತ್ತಿದ್ದಾರೆ. ಅವರು ಕಣ್ಣಿಗೆ ಕಾಣುವಷ್ಟು ದೊಡ್ಡವರಲ್ಲ. ಆದ್ದರಿಂದ ತಮ್ಮ ಕಚೇರಿಗೆ ಸುದ್ದಿ ಮುಟ್ಟಿರಲಾರದು.

ತಾವು ಈ ಕುರ್ಚಿಗೆ ಬಂದು ಏಳು ತಿಂಗಳಾಯಿತು. ಕಡತ ಓದಲು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ನಾನೇ ಹೇಳಿಬಿಡುತ್ತೇನೆ. ನಾನು ಪ್ರಯೋಗಾಲಯಕ್ಕೆ ಸೇರಿದ ಹೊಸತರಲ್ಲಿ ಆ ಕಾರ್ಖಾನೆಯ ಕೊಳಕು ನೀರು ನೇರವಾಗಿ ಕಾಲುವೆಗೆ ಬೀಳುತ್ತಿತ್ತು. ಅದರಲ್ಲಿ ಫಿನಾಲ್ ಎಂಬ ವಿಷ. ಕಾಲುವೆಯ ಕೆಳಗಿನ ಕಾಲೊನಿಯ ಕೈಪಂಪಿನಲ್ಲಿ ಬರುತ್ತಿದ್ದ ನೀರಿಗೆ ಆಸ್ಪತ್ರೆಯ ನೆಲ ಒರೆಸಿದ ವಾಸನೆ ಇರುತ್ತಿತ್ತು. ಕಾಲುವೆಯ ಬಾಯಲ್ಲಿ ಮೀನಿಲ್ಲ, ಹುಲ್ಲಿಲ್ಲ. ಆದರೆ ಅಲ್ಲಿಯ ಕೆಸರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಏನೋ ಮಿಸುಕಾಡುತ್ತಿತ್ತು. ವಿಷದ ನಡುವೆ ಬದುಕಿರುವ ಜೀವಿ ಒಂದೋ ವಿಷವನ್ನು ಸಹಿಸುತ್ತಿರಬೇಕು, ಇಲ್ಲವೇ ತಿನ್ನುತ್ತಿರಬೇಕು. ನನಗೆ ಸಿಕ್ಕವು ತಿನ್ನುತ್ತಿದ್ದವು.

ಆ ಕೆಸರನ್ನು ಜಾಡಿಯಲ್ಲಿ ತುಂಬಿಕೊಂಡು ಮನೆಗೆ ಹೋದ ದಿನ ನನ್ನ ತಾಯಿ ಬಾಗಿಲಲ್ಲೇ ತಡೆದರು. "ಬೇರೆಯವರ ಮಕ್ಕಳು ಓದಿ ಚರಂಡಿ ದಾಟ್ಕೊಂಡು ಹೋಗ್ತಾರೆ. ನೀನು ಓದಿ ಅದರೊಳಗೇ ಇಳಿದೆಯಲ್ಲೇ!" ಎಂದರು. ಇಳಿದವಳು ಮತ್ತೆ ಮೇಲೆ ಬರಲಿಲ್ಲ. ಮೊದಲು ಹನಿಯಷ್ಟು ವಿಷ, ಆಮೇಲೆ ಚಮಚದಷ್ಟು, ಆಮೇಲೆ ಬಕೆಟ್ಟು. ಹೀಗೆ ಆ ಬ್ಯಾಕ್ಟೀರಿಯಾಗಳ ಹಸಿವನ್ನು ಬೆಳೆಸಲು ನಾಲ್ಕು ವರ್ಷ ಹಿಡಿಯಿತು. ಕೊನೆಗೆ ತೊಟ್ಟಿ ಕಟ್ಟಿ, ಕಲ್ಲು ತುಂಬಿ, ಗಾಳಿ ಹಾಯಿಸಿದೆವು. ಕಲ್ಲುಗಳ ಮೇಲೆ ಕಂದುಬಣ್ಣದ ಲೋಳೆ ಹತ್ತಿಕೊಂಡಿತು. ತಾವು ಆದೇಶದಲ್ಲಿ "ಅಸಹ್ಯಕರ ಪಾಚಿ" ಎಂದು ಬರೆದಿರುವುದು ಅದನ್ನೇ. ಅದು ಪಾಚಿಯಲ್ಲ, ಮಾನ್ಯರೇ. ಅದೇ ಯಂತ್ರ.

ತೊಟ್ಟಿಯನ್ನು ಮೊದಲ ದಿನದಿಂದ ನೋಡಿಕೊಂಡವರು ಒಬ್ಬ ನೌಕರರು. ಎಲ್ಲರ ಬಾಯಲ್ಲೂ ಅವರು ತೊಟ್ಟಿಯಣ್ಣ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಬೆಳಿಗ್ಗೆ ಬಂದು ತೊಟ್ಟಿಯ ಮೇಲೆ ಬಾಗಿ ಒಮ್ಮೆ ಉಸಿರೆಳೆದು, "ಇವತ್ತು ಹೊಟ್ಟೆ ತುಂಬಿದೆ ಮೇಡಂ, ಸ್ವಲ್ಪ ಕಮ್ಮಿ ಬಿಡಿ" ಎನ್ನುತ್ತಿದ್ದರು. ಮಧ್ಯಾಹ್ನ ನನ್ನ ಉಪಕರಣವೂ ಅದನ್ನೇ ಹೇಳುತ್ತಿತ್ತು. ಮೂರನೆಯ ವರ್ಷಕ್ಕೆ ಕೈಪಂಪಿನ ವಾಸನೆ ಹೋಯಿತು. ಯಾರೂ ಹಾರ ಹಾಕಲಿಲ್ಲ. ನೀರು ನೀರಿನಂತಾದರೆ ಯಾರ ಗಮನಕ್ಕೂ ಬರುವುದಿಲ್ಲ.

ಇನ್ನು ಆ ಮಂಗಳವಾರ. ಮರುದಿನ ಮೇಲಿನವರ ಭೇಟಿಯಿತ್ತು. ಲೋಳೆ ಕಣ್ಣಿಗೆ ಬೀಳಬಾರದೆಂದು ತಮಗನ್ನಿಸಿತು. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲವೇ? ನಾನೇನು ದೂರದಲ್ಲಿರಲಿಲ್ಲ. ತಮ್ಮದೇ ಸಭಾಂಗಣದಲ್ಲಿ, ತಮ್ಮ ಎದುರಿನಲ್ಲೇ ನಿಂತು, ಅದೇ ತೊಟ್ಟಿಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಮೊಬೈಲು ಹೊರಗಿಡುವಂತೆ ತಮ್ಮ ಸೂಚನೆಯಿತ್ತು. ತಾವು ಕೊನೆಯಲ್ಲಿ ಚಪ್ಪಾಳೆಯನ್ನೂ ತಟ್ಟಿದಿರಿ. ಹೊರಗೆ ಬಂದು ನೋಡಿದರೆ ತೊಟ್ಟಿಯಣ್ಣನವರ ಹನ್ನೊಂದು ಕರೆಗಳಿದ್ದವು.

ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕಲ್ಲುಗಳು ಬಿಳಿಚಿಕೊಂಡು ಬಿಸಿಲಿಗೆ ಒಣಗುತ್ತಿದ್ದವು. ತೊಟ್ಟಿಯಣ್ಣನವರು ಪೊರಕೆ ಹಿಡಿದು ನಿಂತಿದ್ದರು.

"ಬೇಡ ಅಂದೆ ಮೇಡಂ. ಆಫೀಸಿನವರು ಕಾಗದ ತೋರಿಸಿದ್ರು. ಉಜ್ಜದೇ ಇದ್ರೆ ನಾಳೆಯಿಂದ ಬರಬೇಡ ಅಂದ್ರು."

"ನೀವೇ ಉಜ್ಜಿದ್ರಾ?"

"ಅರ್ಧ ನಾನೇ ಉಜ್ಜಿದೆ" ಎಂದರು.

ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಮನೆಗೆ ಹೋಗಿ ಒಣಗಿದ್ದ ಬಟ್ಟೆ ಮಡಚಿಟ್ಟೆ. ತಾಯಿ ಏನಾಯಿತೆಂದು ಕೇಳಿದರು. ತೊಟ್ಟಿ ತೊಳೆದರು ಎಂದೆ. ಎಂಬತ್ತು ದಾಟಿದ ಅವರು "ಊಟ ಮಾಡು" ಎಂದರು. ಮಾಡಿದೆ. ಅಂದಿನಿಂದ ನಾನು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದೇನೆ. ಹಾಜರಿ ಹಾಕುತ್ತೇನೆ, ಗಾಜಿನ ನಳಿಕೆ ತೊಳೆಯುತ್ತೇನೆ. ಕೈಗಳು ಮಾತ್ರ ಇನ್ನೊಬ್ಬರವು ಅನ್ನಿಸುತ್ತದೆ.

ಪ್ರಯೋಗಾಲಯದಲ್ಲಿ ಇವುಗಳ ತಳಿ ಉಳಿದಿರಬೇಕಲ್ಲ ಎಂದು ತಾವು ಕೇಳಬಹುದು. ಶೈತ್ಯಯಂತ್ರದಲ್ಲಿ ಇತ್ತು. ಎರಡು ಬೇಸಿಗೆಗಳ ಹಿಂದೆ ಅದು ಕೆಟ್ಟಿತು. ಹೊಸದಕ್ಕೆ ಮೂರು ಸಲ ಬರೆದೆ. "ತೊಟ್ಟಿಯಲ್ಲಿ ಜೀವಂತವಾಗಿರುವುದನ್ನೇ ಮತ್ತೆ ಪೆಟ್ಟಿಗೆಯಲ್ಲಿ ಇಡುವ ಅಗತ್ಯವೇನು?" ಎಂಬ ಷರಾದೊಂದಿಗೆ ಕಡತ ಮೂರು ಸಲವೂ ಹಿಂದಿರುಗಿತು. ಕೆಸರಿನಿಂದ ಮತ್ತೆ ಶುರು ಮಾಡಬಹುದು, ನಾಲ್ಕು ವರ್ಷ ಬೇಕು. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಒಬ್ಬಳು ವಿಜ್ಞಾನಿಯ ಬದುಕು ಚರಂಡಿ ಪಾಲಾದದ್ದು ಊರಿಗೇನು ದೊಡ್ಡ ಸುದ್ದಿ? ಆದರೆ ಕಾರ್ಖಾನೆ ನಿಂತಿಲ್ಲ. ಅದರ ನೀರು ಸ್ವಚ್ಛವಾದ ಕಲ್ಲುಗಳ ಮೇಲೆ ಹರಿದು, ಬಂದ ಹಾಗೆಯೇ ಹೊರಗೆ ಹೋಗುತ್ತಿದೆ. ತೊಟ್ಟಿ ತೊಳೆದ ಮೂರನೆಯ ವಾರ ಕೈಪಂಪಿನ ನೀರು ಪರೀಕ್ಷಿಸಿದೆ. ಫಿನಾಲ್ ಮಿತಿ ಮೀರಿತ್ತು. ವರದಿ ಕಳಿಸಿದೆ. "ಹಿಂದಿನ ವರ್ಷಗಳ ಫಲಿತಾಂಶಕ್ಕೆ ಹೊಂದುವುದಿಲ್ಲ, ಮರುಪರಿಶೀಲಿಸಿ" ಎಂದು ತಮ್ಮ ಕಚೇರಿ ಉತ್ತರಿಸಿತು. ಹೊಂದುವುದಾದರೂ ಹೇಗೆ?

ನಾನೇ ಕಾಲೊನಿಗೆ ಹೋದೆ. ಪಂಪಿನ ಬಳಿ ಒಬ್ಬ ಹೆಂಗಸು ಕೊಡ ತುಂಬಿಸುತ್ತಿದ್ದಳು. ಈ ನೀರು ಕುಡಿಯಬೇಡಿ ಎಂದೆ.

"ವಾಸನೆ ಬರ್ತಿದೆ ಅಂತ ನಾವೂ ಹೋಗಿ ಹೇಳಿದ್ವಿ. ನಿಮ್ಮ ಆಫೀಸಿನವರು ಬಂದು ಈ ಬೋರ್ಡು ತೋರಿಸಿ ಹೋದ್ರು" ಎಂದಳು.

ಪಂಪಿನ ಪಕ್ಕದ ಫಲಕದಲ್ಲಿ "ಪರೀಕ್ಷಿಸಲಾಗಿದೆ, ಕುಡಿಯಲು ಯೋಗ್ಯ" ಎಂದಿತ್ತು. ಕೆಳಗೆ ನನ್ನ ಸಹಿ.

"ಅದು ಹಳೇದು. ಬರೆದವಳು ನಾನೇ. ಈಗ ಬೇಡ ಅಂತಿದೀನಿ."

ಅವಳು ನನ್ನನ್ನೂ ಫಲಕವನ್ನೂ ನೋಡಿದಳು. "ಬಾಯಿಮಾತಲ್ಲಿ ಅಂದ್ರೆ ಹೇಗಮ್ಮ? ನಮ್ಮನೇಲಿ ಯಾರು ನಂಬ್ತಾರೆ? ಬರೆದು ಕೊಡಿ" ಎಂದು ಕೊಡ ಎತ್ತಿಕೊಂಡು ಹೊರಟಳು.

ಅವಳ ಮಾತು ನ್ಯಾಯವಾದದ್ದು. ಹೀಗಾಗಿ, ಮಾನ್ಯರೇ, ಈ ಪತ್ರ ತಮಗಿಂತ ಹೆಚ್ಚಾಗಿ ಅವಳಿಗೆ. ತಾವು ಈ ವಾರವೇ ಆ ಪಂಪನ್ನು ಮುಚ್ಚಿಸಬೇಕು, ಕಾಲೊನಿಗೆ ಟ್ಯಾಂಕರ್ ನೀರು ಕಳಿಸಬೇಕು, ತೊಟ್ಟಿ ಮತ್ತೆ ಜೀವ ಹಿಡಿಯುವವರೆಗೆ ಕಾರ್ಖಾನೆಯ ನೀರನ್ನು ತಡೆಯಬೇಕು. ಅನುಮತಿಯಿಲ್ಲದೆ ಈ ಪತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಕ್ಕೆ ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಅದನ್ನು ಆಮೇಲೆ ನಿಧಾನವಾಗಿ ಮಾಡಿ.

ಕೆಳಗಿನ ಕಾಲೊನಿಯ ಕೈಪಂಪಿನ ನೀರು ಕುಡಿಯಲು ಯೋಗ್ಯವಲ್ಲ. ಪರೀಕ್ಷಿಸಿ, ತಿಳಿದು, ಬರೆದು ಕೊಟ್ಟಿದ್ದೇನೆ.

ಇಂತಿ,
ಆ ಫಲಕಕ್ಕೆ ಸಹಿ ಹಾಕಿದವಳು