ಫಾರ್ಮಿನ ಹಿಂಬದಿ

ಅಕ್ಕಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಪರ್ತ್‌ನಲ್ಲಿ ಮಗಳ ಶಾಲೆಯ ಮುಂದೆ ಕಾರಿನಲ್ಲೇ ಕೂತಿದ್ದೇನೆ. ಬೇರೆ ಹಾಳೆ ಸಿಗಲಿಲ್ಲ, ಅವಳ ನೆಟ್‌ಬಾಲ್ ಕ್ಯಾಂಪಿನ ಒಪ್ಪಿಗೆ ಫಾರ್ಮಿನ ಹಿಂದೆ ಬರೆಯುತ್ತಿದ್ದೇನೆ. ಗಣಿತದ ಟ್ಯೂಷನ್ ತಪ್ಪುತ್ತದೆಂದು ಒಂದು ವಾರದಿಂದ ಇದಕ್ಕೆ ಸಹಿ ಹಾಕಿಲ್ಲ.

ಈಗಷ್ಟೇ ಟೀಚರ್‌ಗಳನ್ನು ಕಂಡು ಬಂದೆ. ಇಲ್ಲಿ ಪಾಠ, ಆಟ, ನಾಟಕ ಮೂರಕ್ಕೂ ಬೇರೆ ಬೇರೆ ವರದಿ ಕೊಡುತ್ತಾರೆ. ನಾನು ಗಣಿತದ ಪುಟವನ್ನಷ್ಟೇ ಓದಿ ಎದ್ದುಬಿಟ್ಟಿದ್ದೆ. ಕೋಚ್ ಬಾಗಿಲಲ್ಲೇ ತಡೆದು, ಇವಳ ಓಟ ಯಾರಿಂದ ಬಂತು, ಮನೆಯಲ್ಲಿ ಯಾರಾದರೂ ಆಡುತ್ತಿದ್ದರಾ ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಹೊರಗೆ ಬಂದ ಮೇಲೆ ಮಗಳು, "ಡ್ಯಾಡ್, ವಾಟ್ ಅಬೌಟ್ ಅತ್ತೆ? ದಟ್ ಖೋಖೋ ಫೋಟೋ?" ಎಂದಳು.

"ಅದು ಸ್ಕೂಲಲ್ಲಿ ಅಷ್ಟೇ ಪುಟ್ಟಿ. ಆಮೇಲೆ ಬಿಟ್ಬಿಟ್ಳು."

"ವೈ?"

ಅಷ್ಟರಲ್ಲಿ ಗೆಳತಿ ಕರೆದಳೆಂದು ಓಡಿದಳು. ಕೋಚ್‌ಗೆ ನಿನ್ನ ವಿಷಯ ಹೇಳಿಬರೋಣವೆಂದು ನಾನು ಎರಡು ಸಲ ಕಾರಿನಿಂದ ಇಳಿದು ಮತ್ತೆ ಹತ್ತಿದೆ.

ಟೈಪಿಂಗ್ ಕ್ಲಾಸಿಗೆಂದು ಹೊರಟು ನೀನು ಮೈದಾನಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಅಪ್ಪ ಆಟ ಬಿಡಿಸಿದ ಮೇಲೂ, ಅವರಿಗೆ ಯಾರು ಹೇಳಿದರೆಂದು ನೀನು ಕೊನೆಯವರೆಗೂ ಕೇಳಲಿಲ್ಲ.

ಫಾರ್ಮ್ ಕೊಡಲು ಇವತ್ತೇ ಕೊನೆ. ತಿರುಗಿಸಿ ಸಹಿ ಹಾಕಿದ್ದೇನೆ. ಶಾಲೆಯಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಮಗಳಿಗೆ ಮಾತು ಅರ್ಥವಾಗುತ್ತದೆ, ಓದುವುದನ್ನು ನಾನು ಕಲಿಸಿಲ್ಲ.

ಅವಳು ಬರುತ್ತಿದ್ದಾಳೆ. ಹಿಂದೆ ಏನು ಬರೆದಿದೆ ಎಂದು ಕೇಳುತ್ತಾಳೆ. ಅವಳು ನಿನ್ನ ಹಾಗಲ್ಲ ಅಕ್ಕಾ, ಕೇಳದೆ ಬಿಡುವುದಿಲ್ಲ.